ಎತ್ತರ ಜಿಗಿತ: ಸಹನಾ ಕುಮಾರಿ ದಾಟಿದ ಒಂದು ಸೆಂಟಿಮೀಟರ್

ಈ ಲೇಖನ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ತರಗತಿಯ ಗೋಡೆಯ ಮೇಲೆ ನೆಲದಿಂದ ಸರಿಯಾಗಿ 192 ಸೆಂಟಿಮೀಟರ್ ಅಳೆದು, ಅಲ್ಲಿ ಸೀಮೆಸುಣ್ಣದಿಂದ ಒಂದು ಅಡ್ಡಗೆರೆ ಎಳೆಯಿರಿ. ಅಡಿಯ ಲೆಕ್ಕದಲ್ಲಿ ಅದು ಆರು ಅಡಿ ಮೂರೂವರೆ ಅಂಗುಲ. ಆ ಗೆರೆಯ ಕೆಳಗೆ ನಿಂತು ನೋಡಿ. ನಿಮ್ಮಲ್ಲಿ ಬಹಳಷ್ಟು ಮಂದಿಯ ತಲೆಗಿಂತ ಅದು ಎಷ್ಟೋ ಮೇಲಿರುತ್ತದೆ. ನಿಮ್ಮ ಮೇಷ್ಟ್ರ ತಲೆಗಿಂತಲೂ ಮೇಲಿದ್ದರೆ ಆಶ್ಚರ್ಯವಿಲ್ಲ.

2012ರ ಜೂನ್ 23ರಂದು ಹೈದರಾಬಾದಿನ ಅಂತರರಾಜ್ಯ ಅಥ್ಲೆಟಿಕ್ಸ್ ಕೂಟದಲ್ಲಿ ಕರ್ನಾಟಕದ ಸಹನಾ ಕುಮಾರಿ ಈ ಎತ್ತರದಲ್ಲಿದ್ದ ಅಡ್ಡಪಟ್ಟಿಯನ್ನು ಬೀಳಿಸದೆ ದಾಟಿದರು. ಭಾರತದ ಮಹಿಳೆಯರ ಎತ್ತರ ಜಿಗಿತದಲ್ಲಿ ಅದು ಹೊಸ ರಾಷ್ಟ್ರೀಯ ದಾಖಲೆಯಾಯಿತು. ಆಗ ಅವರಿಗೆ 30 ವರ್ಷ, ಒಂದು ಹೆಣ್ಣುಮಗುವಿನ ತಾಯಿ. ಮದುವೆಯಾಯಿತು, ಮಗುವಾಯಿತು, ಇನ್ನೇನು ಆಟ ಮುಗಿಯಿತು ಎಂದು ನಮ್ಮ ಊರುಗಳಲ್ಲಿ ಸಲೀಸಾಗಿ ಹೇಳಿಬಿಡುತ್ತಾರಲ್ಲ, ಅಂಥ ವಯಸ್ಸಿನಲ್ಲಿ ಅವರು ತಮ್ಮ ಜೀವನದ ಅತಿ ಎತ್ತರದ ಜಿಗಿತವನ್ನು ಜಿಗಿದರು.

ಒಲಿಂಪಿಕ್ಸ್ ಪಟ್ಟಿಯಲ್ಲಿ ಅವರ ಪೂರ್ಣ ಹೆಸರು ಸಹನಾ ಕುಮಾರಿ ನಾಗರಾಜ್ ಗೊಬ್ಬರಗುಂಪಿ. ಪತಿ ಬಿ.ಜಿ. ನಾಗರಾಜ್ 100 ಮೀಟರ್ ಓಟದ ಹೆಸರಾಂತ ಓಟಗಾರ. ಗೊಬ್ಬರಗುಂಪಿ ಎಂಬುದು ಧಾರವಾಡ ಜಿಲ್ಲೆಯ ನವಲಗುಂದ ಕಡೆಯ ಒಂದು ಊರಿನ ಹೆಸರು. ಊರ ಹೆಸರೇ ಮನೆತನದ ಅಡ್ಡಹೆಸರಾಗುವುದು ನಿಮಗೆ ಹೊಸದಲ್ಲ; ನಿಮ್ಮ ಹಾಜರಿ ಪುಸ್ತಕದ ತುಂಬ ಅಂಥವೇ ಹೆಸರುಗಳಿರುತ್ತವೆ. ಅಂಥದೊಂದು ಊರಿನ ಹೆಸರು ಲಂಡನ್ನಿನ ಒಲಿಂಪಿಕ್ಸ್ ಕ್ರೀಡಾಂಗಣದವರೆಗೂ ಹೋಗಿಬಂದಿದೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳಲ್ಲಿ ಓದುತ್ತಿರುವ ನಿಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಷಯವನ್ನು ಆರಿಸಿಕೊಂಡಿದ್ದೇವೆ. ನಿಮ್ಮ ಜಿಲ್ಲೆ ಎಂದರೆ ರಾಜ್ಯದ ಕ್ರೀಡಾಲೋಕಕ್ಕೆ ಮೊದಲು ನೆನಪಾಗುವುದು ಸೈಕಲ್. ರಾಷ್ಟ್ರಮಟ್ಟದ ಎಷ್ಟೋ ಸೈಕಲ್ ಪಟುಗಳು ಈ ನೆಲದಿಂದ ಬಂದಿದ್ದಾರೆ. ಎತ್ತರ ಜಿಗಿತಕ್ಕೆ ಮಾತ್ರ ಅಂಥ ಪರಂಪರೆ ಇಲ್ಲಿ ಬೆಳೆಯಲಿಲ್ಲ. ಜಿಗಿಯುವ ಕಾಲುಗಳಿಲ್ಲವೆಂದು ಹಾಗಾಯಿತೆ? ಖಂಡಿತ ಅಲ್ಲ. ಜಿಗಿದ ಮೇಲೆ ಬೀಳುವುದಕ್ಕೆ ತಕ್ಕ ಜಾಗವಿಲ್ಲ. ಈ ಆಟದ ಚರಿತ್ರೆಯನ್ನು ಬಿಡಿಸಿ ನೋಡಿದರೆ ಮೇಲಕ್ಕೆ ಏರುವ ಕಥೆಯಷ್ಟೇ ದೊಡ್ಡದು ಕೆಳಗೆ ಬೀಳುವ ಕಥೆ. ಅದಕ್ಕೆ ಆಮೇಲೆ ಬರೋಣ. ಮೊದಲು ಹೈದರಾಬಾದಿನ ಆ ಒಂದು ಸೆಂಟಿಮೀಟರಿನ ವಿಚಾರ.

ಸಹನಾ ಅವರಿಗಿಂತ ಮೊದಲು ದಾಖಲೆ ಇದ್ದದ್ದು ಕೇರಳದ ಬಾಬಿ ಅಲೋಶಿಯಸ್ ಅವರ ಹೆಸರಿನಲ್ಲಿ. 2002ರ ಬೂಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದವರು ಅವರು. 2004ರಲ್ಲಿ ಚೆನ್ನೈನಲ್ಲಿ 1.91 ಮೀಟರ್ ಜಿಗಿದು ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸ್‌ಗೂ ಹೋಗಿದ್ದರು. ಆ 1.91 ಎಂಟು ವರ್ಷ ಅಲುಗಾಡಲಿಲ್ಲ. ಸಹನಾ ದಾಟಿದ್ದು 1.92. ನಡುವಿನ ಅಂತರ ನಿಮ್ಮ ಕಿರುಬೆರಳಿನ ದಪ್ಪದಷ್ಟು.

ಇಷ್ಟಕ್ಕೆ ಇಷ್ಟು ಸಂಭ್ರಮವೇಕೆ ಎನ್ನಬಹುದು ನೀವು. ಕಾರಣವಿದೆ. 2012ರ ಲಂಡನ್ ಒಲಿಂಪಿಕ್ಸ್‌ಗೆ ಮಹಿಳೆಯರ ಎತ್ತರ ಜಿಗಿತದಲ್ಲಿ ಎರಡು ಅರ್ಹತಾ ಮಟ್ಟಗಳಿದ್ದವು. ‘ಎ’ ಮಟ್ಟ 1.95 ಮೀಟರ್, ‘ಬಿ’ ಮಟ್ಟ 1.92 ಮೀಟರ್. ‘ಎ’ ಮಟ್ಟ ಮುಟ್ಟಿದವರು ಇಲ್ಲದ ದೇಶ ‘ಬಿ’ ಮಟ್ಟ ಮುಟ್ಟಿದ ಒಬ್ಬರನ್ನು ಕಳುಹಿಸಬಹುದಿತ್ತು. ಅರ್ಹತೆ ಗಳಿಸುವ ಅವಧಿ ಮುಗಿಯುವುದಕ್ಕೆ ಆಗ ಉಳಿದಿದ್ದದ್ದು ಎರಡು ವಾರ ಮಾತ್ರ. ಈಗ ಲೆಕ್ಕ ಹಾಕಿ. ಹೈದರಾಬಾದಿನಲ್ಲಿ ಸಹನಾ 1.91 ಜಿಗಿದು ನಿಂತಿದ್ದರೆ ರಾಷ್ಟ್ರೀಯ ದಾಖಲೆಯನ್ನು ಸರಿಗಟ್ಟಿದ ಹೆಗ್ಗಳಿಕೆ ಸಿಗುತ್ತಿತ್ತು, ಆದರೆ ಲಂಡನ್ ಟಿಕೆಟ್ಟು ಸಿಗುತ್ತಿರಲಿಲ್ಲ. ದಾಖಲೆಯೂ ಒಲಿಂಪಿಕ್ಸ್ ಪ್ರವೇಶವೂ ಒಂದೇ ಸೆಂಟಿಮೀಟರಿನೊಳಗೆ ಅಡಗಿ ಕೂತಿದ್ದವು.

ಜಗತ್ತಿನ ಚರಿತ್ರೆಯಲ್ಲೂ ಈ ಒಂದು ಸೆಂಟಿಮೀಟರ್ ಬಹಳ ಜನರನ್ನು ಕಾಡಿದೆ. ರುಮೇನಿಯಾದ ಯೊಲಾಂಡಾ ಬಾಲಾಶ್ 1961ರಲ್ಲಿ 1.91 ಮೀಟರ್ ಜಿಗಿದು ವಿಶ್ವದಾಖಲೆ ಮಾಡಿದರು. ಅದಕ್ಕೆ ಒಂದೇ ಒಂದು ಸೆಂಟಿಮೀಟರ್ ಸೇರಿಸಲು ಇಡೀ ಪ್ರಪಂಚಕ್ಕೆ ಹತ್ತು ವರ್ಷ ಬೇಕಾಯಿತು. 1971ರಲ್ಲಿ ಆಸ್ಟ್ರಿಯಾದ ಇಲೋನಾ ಗುಸೆನ್‌ಬಾವರ್ 1.92 ದಾಟಿದರು. ಬಲ್ಗೇರಿಯಾದ ಸ್ಟೆಫ್ಕಾ ಕೊಸ್ಟಾಡಿನೋವಾ 1987ರಲ್ಲಿ ರೋಮ್ ನಗರದಲ್ಲಿ ಜಿಗಿದ 2.09 ಮೀಟರನ್ನು ಮೀರಲು 37 ವರ್ಷ ಹಿಡಿಯಿತು. 2024ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ ಉಕ್ರೇನಿನ ಯರೋಸ್ಲಾವಾ ಮಹುಚಿಖ್ 2.10 ದಾಟಿದಾಗ ಏರಿದ್ದು ಅದೇ ಒಂದು ಸೆಂಟಿಮೀಟರ್. ಗಂಡಸರಲ್ಲಿ ಕ್ಯೂಬಾದ ಹವಿಯೆರ್ ಸೊಟೊಮಾಯೊರ್ 1993ರಲ್ಲಿ ಏರಿದ 2.45 ಮೀಟರನ್ನು 2025 ಕಳೆದರೂ ಯಾರೂ ದಾಟಿರಲಿಲ್ಲ.

ಆ ಒಂದು ಸೆಂಟಿಮೀಟರಿಗೆ ದೇಹ ಕೊಡಬೇಕಾದ ಬೆಲೆ ಏನು ಎಂಬುದನ್ನು ನಿಮ್ಮ ಭೌತಶಾಸ್ತ್ರದ ಪಾಠದಿಂದಲೇ ಲೆಕ್ಕ ಹಾಕಬಹುದು. ಸುಮಾರು 1.75 ಮೀಟರ್ ಎತ್ತರದ ಒಬ್ಬ ಜಿಗಿತಗಾರ್ತಿಯನ್ನು ಊಹಿಸಿಕೊಳ್ಳಿ. ಸುಮ್ಮನೆ ನಿಂತಾಗ ಅವಳ ದೇಹದ ಗುರುತ್ವ ಕೇಂದ್ರ ಹೊಕ್ಕುಳಿನ ಆಸುಪಾಸಿನಲ್ಲಿ, ನೆಲದಿಂದ ಒಂದು ಮೀಟರಿನಷ್ಟು ಮೇಲಿರುತ್ತದೆ. ಓಡಿಬಂದು ತುದಿಗಾಲಿನ ಮೇಲೆ ಚಿಮ್ಮುವ ಕ್ಷಣದಲ್ಲಿ ಕೈಗಳೂ ಒಂದು ಮೊಣಕಾಲೂ ಮೇಲೆ ಎದ್ದಿರುವುದರಿಂದ ಅದು ಸುಮಾರು 1.23 ಮೀಟರಿಗೆ ಏರಿರುತ್ತದೆ. 1.92ರ ಪಟ್ಟಿಯನ್ನು ದಾಟಬೇಕಾದರೆ ಆ ಕೇಂದ್ರ ಇನ್ನೂ 70 ಸೆಂಟಿಮೀಟರಿನಷ್ಟು ಮೇಲೆ ಹೋಗಬೇಕು. ವೇಗದ ವರ್ಗ = 2 × ಗುರುತ್ವ ವೇಗೋತ್ಕರ್ಷ × ಎತ್ತರ. ಇದು ನಿಮಗೆ ಗೊತ್ತಿರುವ ಸೂತ್ರ. 2 × 9.8 × 0.70 ಎಂದರೆ 13.72. ಅದರ ವರ್ಗಮೂಲ 3.70. ಅಂದರೆ ನೆಲ ಬಿಡುವ ಹೊತ್ತಿಗೆ ಅವಳು ಸೆಕೆಂಡಿಗೆ 3.70 ಮೀಟರ್ ವೇಗದಲ್ಲಿ ಮೇಲಕ್ಕೆ ಹೊರಟಿರಬೇಕು. 71 ಸೆಂಟಿಮೀಟರ್ ಏರಬೇಕಾದರೆ? ಮತ್ತೆ ಲೆಕ್ಕ ಮಾಡಿ; 3.73 ಬರುತ್ತದೆ. ವ್ಯತ್ಯಾಸ ನೂರಕ್ಕೆ ಒಂದು ಭಾಗಕ್ಕಿಂತಲೂ ಕಡಿಮೆ. ಆದರೆ ಚಿಮ್ಮುವ ಪಾದ ನೆಲದ ಮೇಲಿರುವುದು ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಓಟದ ವೇಗವನ್ನೆಲ್ಲ ಆ ರೆಪ್ಪೆ ಬಡಿಯುವ ಹೊತ್ತಿನೊಳಗೆ ಮೇಲ್ಮುಖ ಮಾಡಬೇಕು. ವರ್ಷಗಟ್ಟಲೆ ಅಭ್ಯಾಸ ಮಾಡಿ ಈಗಾಗಲೇ ತನ್ನ ಶಕ್ತಿಯ ತುತ್ತತುದಿಯಲ್ಲಿ ನಿಂತಿರುವ ದೇಹಕ್ಕೆ ಅಷ್ಟು ಸಣ್ಣ ಹೆಚ್ಚಳವೂ ದುಬಾರಿ.

ಇನ್ನು ಲಂಡನ್. 2012ರ ಆಗಸ್ಟ್ 9ರಂದು ನಡೆದ ಅರ್ಹತಾ ಸುತ್ತಿನಲ್ಲಿ ಸಹನಾ 1.80 ಮೀಟರ್ ದಾಟಿದರು. 1.85 ಅವರಿಗೆ ಒಲಿಯಲಿಲ್ಲ. ಜೂನ್‌ನಲ್ಲಿ 1.92 ಜಿಗಿದವರು ಆಗಸ್ಟ್‌ನಲ್ಲಿ 1.80ಕ್ಕೆ ನಿಂತರು. ಇದನ್ನು ಮರೆಮಾಚುವ ಅಗತ್ಯ ನನಗಂತೂ ಕಾಣುವುದಿಲ್ಲ. ಎತ್ತರ ಜಿಗಿತದ ನಿಯಮವೇ ಹಾಗಿದೆ. ಸತತವಾಗಿ ಮೂರು ಸಲ ವಿಫಲರಾದರೆ ನಿಮ್ಮ ಆಟ ಮುಗಿಯಿತು. ಗೆದ್ದವರಿಗೂ ಇದೇ ಗತಿ. ಚಿನ್ನದ ಪದಕ ಖಚಿತವಾದ ಮೇಲೂ ಪಟ್ಟಿಯನ್ನು ಮೇಲಕ್ಕೇರಿಸುತ್ತಾ ಹೋಗುತ್ತಾರೆ, ಕೊನೆಗೆ ಎಲ್ಲೋ ಒಂದು ಕಡೆ ಪಟ್ಟಿ ಬಿದ್ದೇ ಬೀಳುತ್ತದೆ. ಸೋತು ಹೊರನಡೆಯುವುದು ಈ ಆಟದಲ್ಲಿ ಪ್ರತಿದಿನದ ಮಾತು. ಆದ್ದರಿಂದ ಇಲ್ಲಿ ಒಬ್ಬರ ಸಾಧನೆಯನ್ನು ಅಳೆಯುವುದು ಅವರು ಬೀಳಿಸಿದ ಪಟ್ಟಿಯಿಂದಲ್ಲ, ಕೊನೆಯದಾಗಿ ದಾಟಿದ ಪಟ್ಟಿಯಿಂದ.

ಈಗ ಬೀಳುವ ಕಥೆಗೆ ಬರೋಣ.

ಎತ್ತರ ಜಿಗಿತಕ್ಕೆ ನಿಯಮಗಳು ಬಹಳ ಕಡಿಮೆ. ಒಂದೇ ಕಾಲಿನಿಂದ ಚಿಮ್ಮಬೇಕು; ನಾಲ್ಕು ಮೀಟರ್ ಉದ್ದದ ಪಟ್ಟಿ ಬೀಳಬಾರದು. ಪಟ್ಟಿಯನ್ನು ಸವರಿಕೊಂಡು ಹೋದರೂ ಅಡ್ಡಿಯಿಲ್ಲ, ಅದು ಅಲುಗಾಡಿ ನಿಂತರೆ ಸರಿ. ಗಾಳಿಯಲ್ಲಿ ದೇಹವನ್ನು ಹೇಗೆ ತಿರುಗಿಸಬೇಕು, ತಲೆ ಮೊದಲೋ ಕಾಲು ಮೊದಲೋ ಎಂಬುದು ಜಿಗಿಯುವವರ ಇಷ್ಟ. ಹಾಗಾಗಿ ನೂರು ವರ್ಷಗಳಲ್ಲಿ ಬಗೆಬಗೆಯ ಶೈಲಿಗಳು ಹುಟ್ಟಿದವು. ಮೊದಲಿನದು ಕತ್ತರಿ ಶೈಲಿ. ಪಟ್ಟಿಯ ಪಕ್ಕದಿಂದ ಓಡಿಬಂದು, ಒಳಗಿನ ಕಾಲನ್ನು ಮೊದಲು ಎತ್ತಿ ದಾಟಿಸಿ, ಹಿಂದೆಯೇ ಇನ್ನೊಂದು ಕಾಲನ್ನು ಎಳೆದುಕೊಳ್ಳುವುದು. ಕಾಲುಗಳು ಕತ್ತರಿಯ ಅಲಗಿನಂತೆ ಆಡುತ್ತವೆ, ಬೀಳುವುದು ಕಾಲಿನ ಮೇಲೆಯೇ. ನಿಮ್ಮ ಶಾಲೆಯ ಬಯಲಿನಲ್ಲಿ ನೀವು ಬಹುಶಃ ಜಿಗಿಯುತ್ತಿರುವುದೂ ಹೀಗೆಯೇ. ಆಮೇಲೆ ಪಟ್ಟಿಯ ಮೇಲೆ ಪಕ್ಕಕ್ಕೆ ಉರುಳುವ ರೋಲ್ ಶೈಲಿ ಬಂತು. ಅದರ ನಂತರ, ಹೊಟ್ಟೆ ಕೆಳಗಾಗಿ ಪಟ್ಟಿಯನ್ನು ತಬ್ಬಿಕೊಂಡಂತೆ ದಾಟುವ ಸ್ಟ್ರಾಡಲ್ ಶೈಲಿ. ಸೋವಿಯತ್ ಒಕ್ಕೂಟದ ವಲೆರಿ ಬ್ರುಮೆಲ್ 1963ರಲ್ಲಿ ಇದೇ ಶೈಲಿಯಲ್ಲಿ 2.28 ಮೀಟರ್ ಜಿಗಿದಿದ್ದರು.

ಇವೆಲ್ಲ ಶೈಲಿಗಳಲ್ಲೂ ಜಿಗಿತಗಾರರು ಕಾಲು ಅಥವಾ ಕೈ ಊರಿ ಇಳಿಯುವಂತೆ ನೋಡಿಕೊಳ್ಳುತ್ತಿದ್ದರು. ಏಕೆಂದರೆ ಕೆಳಗೆ ಇದ್ದದ್ದು ಮರಳು ಇಲ್ಲವೆ ಮರದ ಹೊಟ್ಟು. 1960ರ ದಶಕದಲ್ಲಿ ಅಮೆರಿಕದ ಕೆಲವು ಶಾಲೆಗಳು ಅದರ ಬದಲಿಗೆ ಫೋಮ್ ತುಂಬಿದ ದಪ್ಪ ಹಾಸಿಗೆ ಹಾಕತೊಡಗಿದವು. ಆರೆಗನ್ ರಾಜ್ಯದ ಮೆಡ್‌ಫರ್ಡ್ ಎಂಬ ಊರಿನ ಹೈಸ್ಕೂಲು ಅವುಗಳಲ್ಲಿ ಒಂದು. ಅಲ್ಲಿ ಓದುತ್ತಿದ್ದ ಡಿಕ್ ಫಾಸ್ಬರಿ ಎಂಬ ಹುಡುಗನಿಗೆ ಸ್ಟ್ರಾಡಲ್ ಕೈಹತ್ತುತ್ತಿರಲಿಲ್ಲ. ಹಳೆಯ ಕತ್ತರಿ ಶೈಲಿಗೇ ಮರಳಿದ. ಪಟ್ಟಿ ಮೇಲೇರಿದಂತೆ ಸೊಂಟ ತಗಲದಿರಲೆಂದು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಒರಗುತ್ತಾ ಹೋದ. ಒರಗಿ ಒರಗಿ ಕೊನೆಗೆ ಬೆನ್ನು ಕೆಳಗಾಗಿ, ತಲೆ ಮೊದಲು ದಾಟಿ, ಬೆನ್ನ ಮೇಲೆ ಬೀಳುವ ಹೊಸ ಶೈಲಿಯೇ ಆಯಿತು. ನೋಡಿದವರು ನಕ್ಕರು. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಅವರು 2.24 ಮೀಟರ್ ಜಿಗಿದು ಚಿನ್ನ ಗೆದ್ದ ಮೇಲೆ ಯಾರೂ ನಗಲಿಲ್ಲ. ಇಂದು ದೊಡ್ಡ ಕೂಟಗಳಲ್ಲಿ ನೀವು ಕಾಣುವುದೆಲ್ಲ ಈ ಫಾಸ್ಬರಿ ಫ್ಲಾಪ್. ಸಹನಾ 1.92 ದಾಟಿದ್ದೂ ಈ ಯುಗದಲ್ಲಿಯೇ.

ಅದೇ ಕಾಲಕ್ಕೆ ಕೆನಡಾದ ಡೆಬಿ ಬ್ರಿಲ್ ಎಂಬ ಹುಡುಗಿಯೂ ತನ್ನಷ್ಟಕ್ಕೆ ತಾನೇ ಇಂಥದೇ ಶೈಲಿಯನ್ನು ಕಂಡುಕೊಂಡಿದ್ದಳು. ಅವಳು ಅಭ್ಯಾಸ ಮಾಡಿದ್ದು ಹೊಲದ ಮನೆಯಲ್ಲಿ. ಫೋಮಿನ ತುಂಡುಗಳನ್ನು ಮೀನು ಹಿಡಿಯುವ ಬಲೆಯಲ್ಲಿ ಕಟ್ಟಿ ಅವಳ ತಂದೆ ಹಾಸಿಗೆ ಮಾಡಿಕೊಟ್ಟಿದ್ದರು. ಮುಂದೆ ಆಕೆ, 1982ರಲ್ಲಿ, ಮಗು ಹೆತ್ತು ಕೆಲವೇ ತಿಂಗಳಾದ ಮೇಲೆ 1.99 ಮೀಟರ್ ಜಿಗಿದು ಒಳಾಂಗಣ ವಿಶ್ವದಾಖಲೆ ಮಾಡಿದರು. ತಾಯ್ತನದ ಮಾತು ಬಂದಿತ್ತಲ್ಲ, ಅದಕ್ಕಾಗಿ ಇದನ್ನೂ ಹೇಳಿದೆ.

ಫ್ಲಾಪ್ ಶೈಲಿಯ ಲಾಭವೇನು? ಒಂದು ಬಳೆಯನ್ನು ಕೈಗೆ ತೆಗೆದುಕೊಳ್ಳಿ. ಅದರ ಗುರುತ್ವ ಕೇಂದ್ರ ಎಲ್ಲಿದೆ? ಗಾಜಿನಲ್ಲಿ ಅಲ್ಲ, ನಡುವಿನ ಖಾಲಿ ಜಾಗದಲ್ಲಿ. ಹಾಗೆಯೇ ಪಟ್ಟಿಯ ಮೇಲೆ ಬೆನ್ನು ಬಿಲ್ಲಿನಂತೆ ಬಾಗಿದಾಗ ದೇಹದ ಗುರುತ್ವ ಕೇಂದ್ರ ದೇಹದ ಹೊರಕ್ಕೆ, ಕೆಳಕ್ಕೆ ಸರಿಯುತ್ತದೆ. ಹಗ್ಗವನ್ನು ಗೋಡೆಯ ಆಚೆಯಿಂದ ಈಚೆಗೆ ಎಳೆದುಕೊಳ್ಳುವುದನ್ನು ನೆನೆಸಿಕೊಳ್ಳಿ. ಹಗ್ಗದ ಒಂದೊಂದು ಮೊಳವೂ ಗೋಡೆಯ ಮೇಲೆ ಹಾದು ಬರುತ್ತದೆ, ಆದರೂ ಯಾವ ಹೊತ್ತಿನಲ್ಲೂ ಹಗ್ಗದ ಬಹುಭಾಗ ಗೋಡೆಗಿಂತ ಕೆಳಗೇ ಇರುತ್ತದೆ. ಫ್ಲಾಪ್ ಜಿಗಿತದಲ್ಲಿ ತಲೆ, ಭುಜ, ಸೊಂಟ, ತೊಡೆ, ಪಾದ ಒಂದಾದ ಮೇಲೊಂದು ದಾಟುತ್ತವೆ. ಗುರುತ್ವ ಕೇಂದ್ರ ಪಟ್ಟಿಯ ಮಟ್ಟದಲ್ಲೇ ಹಾದುಹೋದರೂ ಸಾಕು. ಕತ್ತರಿ ಶೈಲಿಯಲ್ಲಿ ದೇಹ ಹೆಚ್ಚುಕಡಿಮೆ ಕುಳಿತ ಭಂಗಿಯಲ್ಲಿರುವುದರಿಂದ ಆ ಕೇಂದ್ರ ಪಟ್ಟಿಗಿಂತ ಒಂದು ಗೇಣಿನಷ್ಟಾದರೂ ಮೇಲೆ ಹೋಗಲೇಬೇಕು. ಅಷ್ಟು ಶ್ರಮ ಹೆಚ್ಚು.

ಹಾಗಿದ್ದೂ ಯೊಲಾಂಡಾ ಬಾಲಾಶ್ 1961ರಲ್ಲಿ 1.91 ಮೀಟರ್ ಜಿಗಿದದ್ದು ಕತ್ತರಿ ಶೈಲಿಯಲ್ಲಿ! 1960 ಮತ್ತು 1964ರ ಎರಡೂ ಒಲಿಂಪಿಕ್ಸ್‌ಗಳ ಚಿನ್ನ ಅವರದೇ. ಅವರನ್ನು ಮೀರಿಸಿದ ಗುಸೆನ್‌ಬಾವರ್ ಸ್ಟ್ರಾಡಲ್ ಜಿಗಿತಗಾರ್ತಿ. ಮರುವರ್ಷ, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ, 16 ವರ್ಷದ ಜರ್ಮನ್ ಶಾಲಾ ಹುಡುಗಿ ಉಲ್ರಿಕೆ ಮೇಫಾರ್ತ್ ಫ್ಲಾಪ್ ಶೈಲಿಯಲ್ಲಿ ಅದೇ 1.92 ದಾಟಿ ಚಿನ್ನ ಗೆದ್ದಳು. ಹತ್ತು ಹನ್ನೊಂದು ವರ್ಷಗಳ ಒಳಗೆ ಮೂರು ಶೈಲಿಗಳು, ಮೂವರು ಹೆಣ್ಣುಮಕ್ಕಳು, ಒಂದು ಸೆಂಟಿಮೀಟರಿನ ವ್ಯತ್ಯಾಸ. ಕತ್ತರಿ ಶೈಲಿ ಎಂದರೆ ಮಕ್ಕಳಾಟ ಎನ್ನುವವರಿಗೆ ಬಾಲಾಶ್ ಅವರ ಹೆಸರು ಹೇಳಿ.

ಇನ್ನೂ ಹತ್ತಿರದ ಹೆಸರು ಬೇಕೆಂದರೆ ಹಾಸನ ಜಿಲ್ಲೆಗೆ ಬನ್ನಿ. ಸಹನಾ ಲಂಡನ್ನಿಗೆ ಹೋದ ವರ್ಷವೇ, ಒಂದು ತಿಂಗಳೊಳಗೆ, ಅದೇ ಊರಿನಲ್ಲಿ ನಡೆದ ಪ್ಯಾರಾಲಿಂಪಿಕ್ಸ್‌ನಲ್ಲಿ ಎಚ್.ಎನ್. ಗಿರೀಶ್ ಎತ್ತರ ಜಿಗಿತದ ಬೆಳ್ಳಿ ಗೆದ್ದರು. ಎಡಗಾಲಿನ ವೈಕಲ್ಯ ಅವರಿಗೆ ಹುಟ್ಟಿನಿಂದಲೇ ಬಂದದ್ದು. ಜಿಗಿದದ್ದು 1.74 ಮೀಟರ್, ಅದೂ ಕತ್ತರಿ ಶೈಲಿಯಲ್ಲಿ. ಆ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ದಕ್ಕಿದ್ದು ಆ ಒಂದೇ ಪದಕ. 2013ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರಿಗೆ ತರಬೇತಿ ಕೊಟ್ಟ ಸತ್ಯನಾರಾಯಣ ಅವರ ಬಳಿ ಬೆಂಗಳೂರಿನಲ್ಲಿ ಪಳಗಿದ ತಮಿಳುನಾಡಿನ ಮಾರಿಯಪ್ಪನ್ ತಂಗವೇಲು 2016ರ ರಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ 1.89 ಮೀಟರ್ ಜಿಗಿದು ಚಿನ್ನವನ್ನೇ ತಂದರು.

ಗಿರೀಶ್ ಅವರ ಸ್ಪರ್ಧೆಯಲ್ಲಿ ನೀವು ಕಲಿಯಬೇಕಾದ ಒಂದು ನಿಯಮವೂ ಇದೆ. ಚಿನ್ನ ಗೆದ್ದ ಫಿಜಿ ದೇಶದ ಇಲಿಯೇಸಾ ಡೆಲಾನಾ, ಬೆಳ್ಳಿಯ ಗಿರೀಶ್, ಕಂಚು ಪಡೆದ ಪೋಲೆಂಡಿನ ಮಾಮ್‌ಚಾರ್ಜ್, ಈ ಮೂವರೂ ದಾಟಿದ ಎತ್ತರ ಒಂದೇ, 1.74! ಹಾಗಾದರೆ ಪದಕಗಳನ್ನು ಹಂಚಿದ್ದು ಹೇಗೆ? ಇಬ್ಬರು ಸಮನಾದಾಗ, ಕೊನೆಗೆ ದಾಟಿದ ಎತ್ತರದಲ್ಲಿ ಯಾರು ಕಡಿಮೆ ಪ್ರಯತ್ನಗಳಲ್ಲಿ ದಾಟಿದರೋ ಅವರು ಮೇಲು. ಅಲ್ಲೂ ಸಮನಾದರೆ, ಅಲ್ಲಿಯವರೆಗಿನ ಒಟ್ಟು ವಿಫಲ ಜಿಗಿತಗಳು ಯಾರಿಗೆ ಕಡಿಮೆಯೋ ಅವರು ಮೇಲು. ಅದೂ ಸಮನಾಗಿ ಮೊದಲ ಸ್ಥಾನದ ಪ್ರಶ್ನೆ ಎದ್ದರೆ ಮತ್ತೆ ಜಿಗಿಸುತ್ತಾರೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ 2021ರಲ್ಲಿ ಕತಾರಿನ ಬರ್ಷಿಮ್, ಇಟಲಿಯ ತಾಂಬೇರಿ ಇಬ್ಬರೂ 2.37 ಜಿಗಿದು, ಮತ್ತೆ ಜಿಗಿಯುವುದು ಬೇಡವೆಂದು ಚಿನ್ನವನ್ನು ಹಂಚಿಕೊಂಡದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆದ್ದರಿಂದ ತಾಲ್ಲೂಕು ಕೂಟದಲ್ಲಿ ಸಣ್ಣ ಎತ್ತರವೆಂದು ಉದಾಸೀನದಿಂದ ಪಟ್ಟಿ ಬೀಳಿಸಬೇಡಿ. ಕೊನೆಗೆ ಲೆಕ್ಕಕ್ಕೆ ಬರುವುದು ಅದೂ ಇರಬಹುದು. ಸುಲಭವೆನ್ನಿಸಿದ ಎತ್ತರವನ್ನು ಜಿಗಿಯದೆ ಬಿಟ್ಟು ಮುಂದಿನದಕ್ಕೆ ಕಾಯುವ ಹಕ್ಕೂ ನಿಮಗಿದೆ.

ಈಗ ನಿಮ್ಮ ಬಯಲಿಗೆ ಬರೋಣ. ಇಲ್ಲಿ ಒಂದು ಮಾತನ್ನು ಕಟ್ಟುನಿಟ್ಟಾಗಿ ಹೇಳಬೇಕು. ಟಿ.ವಿ.ಯಲ್ಲಿ ಫ್ಲಾಪ್ ನೋಡಿ ಮರಳಿನ ಹೊಂಡದಲ್ಲಿ ಅದನ್ನು ಮಾಡಲು ಹೋಗಬೇಡಿ. ಫ್ಲಾಪ್‌ನಲ್ಲಿ ದೇಹದ ಪೂರ್ತಿ ಭಾರ ಭುಜ ಮತ್ತು ಕತ್ತಿನ ಬುಡದ ಮೇಲೆ ಬೀಳುತ್ತದೆ. ಕೆಳಗೆ ದಪ್ಪನೆಯ ಫೋಮ್ ಹಾಸಿಗೆ ಇಲ್ಲದಿದ್ದರೆ ಕತ್ತಿನ ಮೂಳೆ, ಬೆನ್ನುಹುರಿಗೆ ಜೀವಮಾನದ ಪೆಟ್ಟಾಗಬಹುದು. ಸ್ಟೇಡಿಯಂನಲ್ಲಿ ಮ್ಯಾಟ್ ಇದ್ದರೂ ಪಕ್ಕದಲ್ಲಿ ತರಬೇತುದಾರರಿಲ್ಲದೆ ಮೊದಲ ಬಾರಿ ಜಿಗಿಯಬಾರದು. ಇದು ಹೆದರಿಸುವ ಮಾತಲ್ಲ, ಈ ಶೈಲಿ ಹುಟ್ಟಿದ್ದೇ ಆ ಹಾಸಿಗೆಯ ಮೇಲೆ ಎಂಬುದನ್ನು ಈಗಷ್ಟೇ ನೋಡಿದಿರಲ್ಲ.

ಮ್ಯಾಟ್ ಇಲ್ಲದ ಶಾಲೆಯಲ್ಲಿ ಮಾಡುವಂಥದ್ದು ಏನೂ ಇಲ್ಲವೆ? ಬೇಕಾದಷ್ಟಿದೆ. ಎತ್ತರ ಜಿಗಿತದ ಮುಕ್ಕಾಲು ಪಾಲು ಕೆಲಸ ಪಟ್ಟಿಯ ಈಚೆಗೆ, ನೆಲದ ಮೇಲೆ ನಡೆಯುತ್ತದೆ. ನೆಲ ಬಿಟ್ಟ ಮೇಲೆ ಎಷ್ಟು ಎತ್ತರ ಏರಬೇಕೆಂಬುದು ತೀರ್ಮಾನವಾಗಿಬಿಟ್ಟಿರುತ್ತದೆ. ಫ್ಲಾಪ್ ಜಿಗಿತಗಾರರು ಮೊದಲು ನೇರವಾಗಿ ಓಡಿ, ಕೊನೆಯ ನಾಲ್ಕೈದು ಹೆಜ್ಜೆಗಳನ್ನು ಬಾಗಿದ ದಾರಿಯಲ್ಲಿ ಹಾಕುತ್ತಾರೆ. ತಿರುವಿನಲ್ಲಿ ಸೈಕಲ್ ಒಳಕ್ಕೆ ವಾಲುವಂತೆ ಅವರ ದೇಹವೂ ವಾಲುತ್ತದೆ. ಸೈಕಲ್ಲಿನ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ! ಆ ವಾಲಿಕೆಯಿಂದ ಎದ್ದು ನೇರವಾಗುವ ರಭಸವೇ ಅವರನ್ನು ಮೇಲಕ್ಕೂ ಪಟ್ಟಿಯ ಆಚೆಗೂ ತಿರುಗಿಸುತ್ತದೆ. ಬಯಲಿನಲ್ಲಿ ಸುಣ್ಣದ ಪುಡಿಯಿಂದ ಇಂಥ ಬಾಗಿದ ಗೆರೆ ಹಾಕಿಕೊಂಡು, ಪಟ್ಟಿಯೇ ಇಲ್ಲದೆ, ಹೆಜ್ಜೆ ಎಣಿಸಿ ಓಡಿ ಒಂದೇ ಕಾಲಿನಲ್ಲಿ ನೇರ ಮೇಲಕ್ಕೆ ಚಿಮ್ಮಿ ಕಾಲಿನ ಮೇಲೆಯೇ ಇಳಿಯುವ ಅಭ್ಯಾಸವನ್ನು ತಿಂಗಳುಗಟ್ಟಲೆ ಮಾಡಬಹುದು. ಪ್ರತಿಸಲವೂ ಕೊನೆಯ ಹೆಜ್ಜೆ ಅದೇ ಗುರುತಿನ ಮೇಲೆ ಬೀಳಬೇಕು. ಮಳೆ ಬಿದ್ದ ಮರುದಿನ ಮಾತ್ರ ಎರೆಮಣ್ಣಿನ ಬಯಲಿಗೆ ಇಳಿಯಬೇಡಿ. ಅದು ಪಾದ ಹಿಡಿದುಕೊಳ್ಳುತ್ತದೆ, ಪಾದ ಸಿಕ್ಕಿಕೊಂಡು ಮೊಣಕಾಲು ತಿರುಚಿದರೆ ಆಟ ಅಲ್ಲಿಗೆ ಮುಗಿದಂತೆ.

ಕತ್ತರಿ ಶೈಲಿಯನ್ನು ಮರಳಿನಲ್ಲೇ ಕಲಿಯಿರಿ. ಜಿಗಿಯುವ ಮುನ್ನ ಮರಳನ್ನು ಅಗೆದು ಸಡಿಲಗೊಳಿಸಿ ಗುಡ್ಡೆ ಹಾಕಿ. ಗಾಜಿನ ಚೂರು, ಕಲ್ಲು ಆರಿಸಿ ತೆಗೆಯಿರಿ. ಬಿದಿರಿನ ಕೋಲಿನ ಬದಲು ಎಲಾಸ್ಟಿಕ್ ಪಟ್ಟಿ ಕಟ್ಟಿದರೆ ತಗಲಿದರೂ ಗಾಯವಾಗುವುದಿಲ್ಲ. ಸಹಪಾಠಿಗಳ ಮುಂದೆ ಮಾತ್ರವಲ್ಲ, ಒಂದು ನೋಟ್‌ಬುಕ್ಕಿನಲ್ಲೂ ನಿಮ್ಮ ಎತ್ತರವನ್ನು ದಿನಾಂಕದೊಡನೆ ಬರೆದಿಡಿ. ಆರು ತಿಂಗಳಲ್ಲಿ ಐದು ಸೆಂಟಿಮೀಟರ್ ಏರಿದ್ದರೆ ಅದು ಸಣ್ಣ ವಿಷಯವಲ್ಲ.

ಫೋಮ್ ಹಾಸಿಗೆ ಬೆಲೆಬಾಳುವ ವಸ್ತು, ಎಲ್ಲ ಶಾಲೆಗಳಿಗೂ ಎಟಕುವುದಿಲ್ಲ ನಿಜ. ಆದರೆ ತಾಲ್ಲೂಕಿಗೊಂದು ಹಾಸಿಗೆಯಾದರೂ ಇರಬೇಕೆಂದು ಕೇಳುವುದರಲ್ಲಿ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ. ಅದಿಲ್ಲದೆಯೂ ದಾರಿ ಹುಡುಕಿದವರು ನಮ್ಮ ದೇಶದಲ್ಲೇ ಇದ್ದಾರೆ. ಮಹಾರಾಷ್ಟ್ರದ ನಾಶಿಕ್ ಜಿಲ್ಲೆಯ ದೇವಗಾಂವ್ ಎಂಬ ಹಳ್ಳಿಯ ಸರ್ವೇಶ್ ಕುಶಾರೆ ಬಾಲ್ಯದಲ್ಲಿ ಜಿಗಿದದ್ದು ಮೆಕ್ಕೆಜೋಳದ ಸಿಪ್ಪೆ ತುಂಬಿ ಮಾಡಿದ ಹಾಸಿಗೆಯ ಮೇಲೆ. 2025ರಲ್ಲಿ ಟೋಕಿಯೋದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು 2.28 ಮೀಟರ್ ಜಿಗಿದು ಆರನೆಯವರಾದರು. ಹರಿಯಾಣದ ಹಳ್ಳಿಯ ಪೂಜಾ ಸಿಂಗ್ ಗಾರೆ ಕೆಲಸದವರ ಮಗಳು. ಬಿದಿರಿನ ಕೋಲೇ ಅಡ್ಡಪಟ್ಟಿ, ಭತ್ತದ ಹುಲ್ಲು ತುಂಬಿದ ಚೀಲಗಳೇ ಹಾಸಿಗೆ. ಹಾಗೆ ಶುರುವಾಯಿತು ಅವರ ಅಭ್ಯಾಸ. ಎರಡೂ ಕಡೆ ಜೊತೆಯಲ್ಲಿ ಬಲ್ಲ ಗುರುಗಳಿದ್ದರು ಎಂಬುದನ್ನು ಮರೆಯಬೇಡಿ. ಹುಲ್ಲಿನ ಚೀಲ ಹಾಕಿದೆವು, ಇನ್ನು ಫ್ಲಾಪ್ ಮಾಡೋಣ ಎಂದು ನೀವೇ ತೀರ್ಮಾನಿಸುವಂತಿಲ್ಲ.

ನಿಮ್ಮ ಎತ್ತರ ನೋಟ್‌ಬುಕ್ಕಿನಲ್ಲಿ ಏರುತ್ತಿದ್ದರೆ ದೈಹಿಕ ಶಿಕ್ಷಣ ಶಿಕ್ಷಕರಿಗೆ ತೋರಿಸಿ. ಶಾಲಾ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ಬೆಳಗಾವಿ ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತವೆ. ದಸರಾ ಕ್ರೀಡಾಕೂಟದ್ದೂ ಇಂಥದೇ ಏಣಿ. ಮೇಲಿನ ಮೆಟ್ಟಿಲುಗಳಲ್ಲಿ ಫೋಮ್ ಹಾಸಿಗೆ ಸಿಗುತ್ತದೆ, ಜಿಗಿತವನ್ನು ಬಲ್ಲ ಕಣ್ಣುಗಳೂ ಸಿಗುತ್ತವೆ. ಮರಳಿನಲ್ಲಿ ಕತ್ತರಿ ಶೈಲಿಯಲ್ಲಿ ಜಿಗಿದ ಹುಡುಗಿಯ ಓಟದ ಲಯವನ್ನೂ ಚಿಮ್ಮುವ ಕಾಲಿನ ಕಸುವನ್ನೂ ನೋಡಿಯೇ ಅವಳು ಎಲ್ಲಿಯವರೆಗೆ ಹೋದಾಳೆಂದು ಅನುಭವಸ್ಥ ತರಬೇತುದಾರರು ಅಂದಾಜು ಮಾಡಬಲ್ಲರು. ಫ್ಲಾಪ್ ಆಮೇಲೆ ಕಲಿಸಿದರಾಯಿತು.

ಸಹನಾ ಅವರ ಮಗಳು ಪಾವನಾ ನಾಗರಾಜ್ ಕೂಡ ಜಿಗಿತಗಾರ್ತಿಯೇ. 2024ರಲ್ಲಿ ದುಬೈನ 20 ವರ್ಷದೊಳಗಿನವರ ಏಷ್ಯನ್ ಕೂಟದಲ್ಲಿ ಚಿನ್ನ ಗೆದ್ದದ್ದು ಮಾತ್ರ ಉದ್ದ ಜಿಗಿತದಲ್ಲಿ, 6.32 ಮೀಟರ್ ಹಾರಿ. ಅಮ್ಮನ ಎತ್ತರವನ್ನು ಬೆನ್ನಟ್ಟಿ ಬಂದದ್ದು ಹರಿಯಾಣದ ಪೂಜಾ. 2025ರ ಮೇ ತಿಂಗಳಲ್ಲಿ ದಕ್ಷಿಣ ಕೊರಿಯಾದ ಗುಮಿಯಲ್ಲಿ ಅವರು 1.89 ಮೀಟರ್ ಜಿಗಿದು ಏಷ್ಯನ್ ಚಾಂಪಿಯನ್ ಆದಾಗ ವಯಸ್ಸು 18. ನಿಮ್ಮ ತರಗತಿಯ ಗೋಡೆಯ ಮೇಲೆ 189ಕ್ಕೂ ಒಂದು ಗೆರೆ ಹಾಕಿ. ಎರಡೂ ಗೆರೆಗಳ ನಡುವೆ ಮೂರು ಸೆಂಟಿಮೀಟರ್ ಇದೆ.